ಮೋರಿಯ ಮೇಲಿನ ಹಲಗೆ

ಟೈಲರ್ ಮಾಡಿದ ತಪ್ಪು ಒಂದೇ. ಅಂಗಡಿ ಮುಂದಿನ ಮೋರಿಯ ಚಪ್ಪಡಿ ಒಡೆದುಹೋದಾಗ ಯಾರನ್ನೂ ಕೇಳದೆ ಅಡ್ಡಲಾಗಿ ಒಂದು ಮರದ ಹಲಗೆ ಹಾಕಿಕೊಂಡ. ಗಿರಾಕಿಗಳು ಅದರ ಮೇಲೆ ನಡೆದು ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಮೂರನೆಯ ದಿನ ಬಡಾವಣೆಯ ಸಂಘದ ಕಾರ್ಯದರ್ಶಿ, ಅಂದರೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಬಂದು ಆ ಹಲಗೆಯನ್ನು ಹೆಗಲಿಗೇರಿಸಿಕೊಂಡರು.

"ಮೋರಿ ನಗರಸಭೆದು ಕಣಯ್ಯ. ಅದರ ಮೇಲೆ ನಿನ್ನ ಸ್ವಂತ ಹಲಗೆ ಹಾಕೋಕೆ ಬರಲ್ಲ. ಸಂಘಕ್ಕೆ ಒಂದು ಅರ್ಜಿ ಕೊಡು. ನಾವಿದ್ದೀವಿ."

ಈ 'ನಾವಿದ್ದೀವಿ'ಗೆ ಹೆದರಬೇಕು ಎಂಬುದು ಟೈಲರಿಗೆ ಆಗ ಹೊಳೆಯಲಿಲ್ಲ. ಅರ್ಜಿ ಕೊಟ್ಟ. ಮೂರು ವಾರ ಗಿರಾಕಿಗಳು ಮೋರಿ ಹಾರಿ ಬಂದರು. ಹಾರಲಾಗದವರು ರಸ್ತೆಯಾಚೆ, ಪಕ್ಕದ ಬಡಾವಣೆಯ ಟೈಲರ್ ಹತ್ತಿರ ಹೋದರು.

ಹೇಗೋ ನಡೆಯುತ್ತಿತ್ತು. ಆದರೆ ಇವತ್ತು ಸಂಜೆ ಐದಕ್ಕೆ ಹತ್ತಿರದ ಶಾಲೆಯ ಹೆಡ್‌ಮಿಸ್ ಬರುವವರಿದ್ದರು. ಅಂಗಡಿ ನೋಡಿ, ಹೊಲಿಗೆ ನೋಡಿ, ಮನಸ್ಸಿಗೆ ಬಂದರೆ ಇಡೀ ಶಾಲೆಯ ಸಮವಸ್ತ್ರದ ಕೆಲಸ ಒಪ್ಪಿಸುತ್ತೇನೆ ಎಂದಿದ್ದರು. ಅಂಥ ಕೆಲಸ ಟೈಲರಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಆಕೆಗೋ ಮಂಡಿನೋವು, ಕೈಯಲ್ಲಿ ಊರುಗೋಲು.

"ಅವರನ್ನ ಹೇಗೆ ಹಾರಿಸ್ತೀರಿ?" ಎಂದು ಹೆಂಡತಿ ಬೆಳಗಿನಿಂದ ನಾಲ್ಕು ಸಲ ಕೇಳಿದ್ದಳು.

ಹತ್ತು ಗಂಟೆಗೆ ನಗರಸಭೆಯ ಗಾಡಿ ಬಂದು ಹೊಸ ಚಪ್ಪಡಿ ಇಳಿಸಿತು. ಟೈಲರ್ ಕುಣಿಯುವುದೊಂದು ಬಾಕಿ. ಕೆಲಸದವನು ಹಾರೆ ಹಿಡಿದು ಬಗ್ಗಿದ. ಅಷ್ಟರಲ್ಲಿ ಸಂಘ ಬಂತು, ಹನ್ನೊಂದೂ ಜನ. ಅಧ್ಯಕ್ಷರಿಂದ ಹಿಡಿದು ಉಪ ಸಹಕಾರ್ಯದರ್ಶಿಯವರೆಗೆ ಎಲ್ಲರಿಗೂ ಒಂದೊಂದು ಹುದ್ದೆ ಇತ್ತು. ಹುದ್ದೆ ಇಲ್ಲದ ಸದಸ್ಯರು ಆ ಸಂಘದಲ್ಲಿ ಇರಲಿಲ್ಲ.

"ಮುಟ್ಟಬೇಡ," ಎಂದರು ಅಧ್ಯಕ್ಷರು. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಬೇಡ ಅನ್ನುವುದು ಬಾಯಿಪಾಠವಾಗಿತ್ತು. "ಕೌನ್ಸಿಲರ್ ಬಂದು ಉದ್ಘಾಟನೆ ಮಾಡಬೇಕು. ಅಲ್ಲೀವರೆಗೂ ಇದು ಬರೀ ಕಲ್ಲು."

"ಎಷ್ಟೊತ್ತಿಗೆ ಬರ್ತಾರೆ ಸಾರ್?"

"ಹನ್ನೊಂದಕ್ಕೆ ಅಂದಿದ್ದಾರೆ. ಅಂದ್ರೆ ಮೂರು ಅಂತ ಇಟ್ಕೋ."

ಹಿಂದೆಯೇ ಇನ್ನೊಂದು ಕಲ್ಲು ಬಂತು. ಕಪ್ಪಗೆ ಮಿರಮಿರ ಮಿಂಚುವ ನಾಮಫಲಕ, ಚಪ್ಪಡಿಗಿಂತ ಒಂದಡಿ ಉದ್ದ. ಹನ್ನೊಂದು ಹೆಸರುಗಳು ಯಾವುದರ ಕೆಳಗೆ ಯಾವುದು ಎಂದು ತೀರ್ಮಾನವಾಗುವುದಕ್ಕೇ ಈ ಮೂರು ವಾರ ಹಿಡಿದಿತ್ತಂತೆ. ಟೈಲರ್ ಮೇಲಿಂದ ಕೆಳಗೆ ಎರಡು ಸಲ ಓದಿದ. ಅವನ ಹೆಸರು ಇರಲಿಲ್ಲ.

"ನೀನು ಅರ್ಜಿದಾರ," ಎಂದು ಪೋಸ್ಟ್‌ಮಾಸ್ಟರು ಸಮಾಧಾನ ಹೇಳಿದರು. "ನಿನ್ನ ಹೆಸರು ಫೈಲಲ್ಲಿರುತ್ತೆ."

ಆಮೇಲೆ ಅಂಗಡಿ ಅವನದಾಗಿ ಉಳಿಯಲಿಲ್ಲ. ಬಟ್ಟೆ ಕತ್ತರಿಸುವ ಮೇಜು ಬೀದಿಗೆ ಹೋಗಿ ವೇದಿಕೆಯಾಯಿತು. ಗಿರಾಕಿಯೊಬ್ಬರ ಕೆಂಪು ಬಟ್ಟೆಯ ಅಂಚು ಟೇಪಾಯಿತು. ಕೌನ್ಸಿಲರು ನಾಲ್ಕಕ್ಕೆ ಬಂದು, ಹಾಕದ ಚಪ್ಪಡಿಯ ಬಗ್ಗೆ ಅರ್ಧ ಗಂಟೆ ಮಾತಾಡಿ, ಟೇಪು ಕತ್ತರಿಸಿ, ಟೈಲರನ ಕತ್ತರಿಯನ್ನು ಜೇಬಿಗಿಳಿಸಿಕೊಂಡು ಹೊರಟರು. ಟೈಲರ್ ಗಡಿಯಾರ ನೋಡಿದ. ಇನ್ನೂ ಅರ್ಧ ಗಂಟೆ ಇದೆ.

"ಈಗ ಹಾಕಿಸಲಾ ಸಾರ್?"

"ಒಂದು ಫೋಟೋ ಆಗಲಿ," ಎಂದರು ಅಧ್ಯಕ್ಷರು.

ಹಿಂದಿನ ಸಾಲಿನ ಐವರು ಮುಖ ಕಾಣುವುದಿಲ್ಲ ಎಂದು ಮುನಿಸಿಕೊಂಡರು. ಚಪ್ಪಡಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಆ ಐವರೂ ಹತ್ತಿ ನಿಂತರು. ಐವರೂ ಉಂಡು ಬೆಳೆದವರು. ಫೋಟೋ ಚೆನ್ನಾಗಿ ಬಂತು. ಚಪ್ಪಡಿ ಲಟ್ಟನೆ ಎರಡು ತುಂಡಾಯಿತು.

ತಪ್ಪು ಯಾರದು ಎಂದು ನಿರ್ಧರಿಸಲು ಸಂಘ ಒಬ್ಬರ ಕೈ ಒಬ್ಬರು ಹಿಡಿದು ಮೋರಿ ದಾಟಿ, ಟೈಲರ್ ಅಂಗಡಿಯೊಳಗೆ ತುರ್ತು ಸಭೆ ಸೇರಿತು. ಹೊರಗೆ ಟೈಲರ್ ತಲೆಯ ಮೇಲೆ ಕೈ ಹೊತ್ತು ಕೂತ. ಕೂತಲ್ಲಿಂದ ನಾಮಫಲಕ ಕಾಣಿಸಿತು. ಅಳತೆ ಅವನ ಕಸುಬು, ಕಣ್ಣಲ್ಲೇ ಅಳೆದ. ಕೆಲಸದವನಿಗೆ ಸನ್ನೆ ಮಾಡಿದ. ಇಬ್ಬರೂ ಸೇರಿ ಅದನ್ನು ಮೋರಿಯ ಮೇಲೆ ಮಲಗಿಸಿದರು. ಹೇಳಿ ಹೊಲಿಸಿದ ಹಾಗೆ ಕೂತುಕೊಂಡಿತು. ಟೈಲರ್ ಅದರ ಮೇಲೆ ನಾಲ್ಕು ಹೆಜ್ಜೆ ನಡೆದ. ಮೂರು ವಾರದಲ್ಲಿ ಅಂಥ ಸುಖ ಅವನಿಗೆ ಸಿಕ್ಕಿರಲಿಲ್ಲ.

ಸಭೆ ಮುಗಿಸಿ ಮೊದಲು ಹೊರಬಂದ ಪೋಸ್ಟ್‌ಮಾಸ್ಟರು ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದರು. ಕಾಲ ಕೆಳಗೆ ಅವರದೇ ಹೆಸರಿತ್ತು. ಅಧ್ಯಕ್ಷರ ಹೆಸರನ್ನು ತುಳಿಯಲು ಖಜಾಂಚಿಗೆ ಅಡ್ಡಿಯೇನಿರಲಿಲ್ಲ. ತನ್ನದನ್ನು ಇನ್ನೊಬ್ಬರು ತುಳಿಯುವುದಕ್ಕೆ ಇತ್ತು. ಹನ್ನೊಂದು ಜನವೂ ಏದುಸಿರು ಬಿಡುತ್ತ ಪಕ್ಕದಿಂದ ಮೋರಿ ಹಾರಿದರು.

"ತಿರುಗಿಸಿ ಹಾಕ್ಲಾ ಸಾರ್? ಹೆಸರು ಕೆಳಗೆ ಹೋಗತ್ತೆ," ಎಂದ ಟೈಲರ್.

"ನಮ್ಮ ಹೆಸರು ಮೋರಿ ನೋಡ್ತಾ ಬಿದ್ದಿರಬೇಕಾ?" ಎಂದರು ಅಧ್ಯಕ್ಷರು.

ಎತ್ತಿಸುವುದೇ ಸರಿ ಎಂದಾಗಲೇ ದಾರಿಹೋಕರಿಬ್ಬರು ನಿಂತು ಬಗ್ಗಿ ಹೆಸರು ಓದತೊಡಗಿದರು. ಅಧ್ಯಕ್ಷರ ಮುಖ ಅರಳಿತು. ಗೋಡೆಗೆ ಹಾಕಿದ ಫಲಕವನ್ನು ಇವತ್ತಿನವರೆಗೆ ಯಾರೂ ಓದಿದ್ದಿಲ್ಲ.

"ಇಲ್ಲೇ ಇರಲಿ. ಕಣ್ಣಿಗೆ ಬೀಳುತ್ತೆ. ಆದ್ರೆ ತುಳಿಯೋ ಹಾಗಿಲ್ಲ, ಸುತ್ತ ಬೇಲಿ ಹಾಕಿಸೋಣ," ಎಂದರು. ಆ ಸಂಘದಲ್ಲಿ ಮೊದಲ ಬಾರಿಗೆ ಒಂದು ವಿಷಯ ಸರ್ವಾನುಮತದಿಂದ ಪಾಸಾಯಿತು.

ಪೋಸ್ಟ್‌ಮಾಸ್ಟರು ಮನೆಗೆ ಓಡಿ ಸೀಳಿದ ಮರದ ಪಟ್ಟಿಗಳನ್ನು ತಂದರು. ಟೈಲರಿಗೆ ಆ ಮರದ ಗುರುತು ಸಿಕ್ಕಿತು.

"ಹಲಗೆ ವಾಪಸ್ ಬಂತಲ್ಲ ಬಿಡಿ," ಎಂದಳು ಕಿಟಕಿಯಲ್ಲಿದ್ದ ಹೆಂಡತಿ.

ಕೊನೆಯ ಮೊಳೆ ಬೀಳುವುದಕ್ಕೂ ಹೆಡ್‌ಮಿಸ್ ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಅವರು ಕನ್ನಡಕ ಏರಿಸಿಕೊಂಡು ಹನ್ನೊಂದು ಹೆಸರುಗಳನ್ನೂ ಓದಿದರು.

"ಇದರಲ್ಲಿ ಟೈಲರ್ ಯಾರಪ್ಪ? ಒಳಗೆ ಹೇಗೆ ಬರೋದು?"

ಟೈಲರ್ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಅಡ್ಡ ಬಂದರು. "ಮೇಡಂ, ಸ್ವಲ್ಪ ದೂರ ನಿಂತು ನೋಡಿ. ಸಾರ್ವಜನಿಕರ ಅನುಕೂಲಕ್ಕೆ ಮಾಡಿಸಿದ್ದು."

ಹೆಡ್‌ಮಿಸ್ ಬೇಲಿಯನ್ನು ನೋಡಿದರು, ಟೈಲರನ ಮುಖ ನೋಡಿದರು, ಆಮೇಲೆ ತಿರುಗಿ ರಸ್ತೆಯಾಚೆ ನೋಡಿದರು. ಅಲ್ಲಿಯ ಟೈಲರ್ ಅಂಗಡಿಯ ಮುಂದೆಯೂ ಚಪ್ಪಡಿ ಒಡೆದು ವರ್ಷವಾಗಿತ್ತು. ಆದರೆ ಆ ಬಡಾವಣೆಯಲ್ಲಿ ಸಂಘ ಇರಲಿಲ್ಲ. ಹೆಡ್‌ಮಿಸ್ ನಿಧಾನವಾಗಿ ರಸ್ತೆ ದಾಟಿ, ಕೋಲೂರಿಕೊಂಡು, ಮೋರಿಗೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ನಡೆದು ಒಳಗೆ ಹೋದರು.