ಮೊನ್ನೆಯ ಕಾಲು, ಇವತ್ತಿನ ಕಾಲು

ಶನಿವಾರ ಬೆಳಿಗ್ಗೆ ಇಕ್ಕೇರಿ ರಸ್ತೆಯ ಮೋರಿಕಟ್ಟೆಯ ಮೇಲೆ ಕುಸಿದು ಕುಳಿತ ಉಮೇಶನಿಗೆ, ರಾತ್ರಿ ಮಲಗಿದ್ದಾಗ ಯಾರೋ ತನ್ನ ಕಾಲುಗಳನ್ನು ಬದಲಾಯಿಸಿಬಿಟ್ಟಿದ್ದಾರೆ ಎಂಬ ಅನುಮಾನ ಬಂತು.

ಗುರುವಾರವೂ ಇದೇ ರಸ್ತೆ, ಇದೇ ಬೂಟು. ಅವತ್ತು ಇಕ್ಕೇರಿ ದೇವಸ್ಥಾನದವರೆಗೆ ಓಡಿ, ಹೊರಗಿನಿಂದಲೇ ಅಘೋರೇಶ್ವರನಿಗೆ ಕೈಮುಗಿದು, ಇನ್ನೂ ಸ್ವಲ್ಪ ದೂರ ಹೋಗಬಹುದಿತ್ತಲ್ಲ ಎಂದುಕೊಂಡಿದ್ದ. ಇವತ್ತು ಅರ್ಧ ದಾರಿಗೇ ಏದುಸಿರು, ಪಕ್ಕೆಯಲ್ಲಿ ಚುಚ್ಚು. ಅದೂ ಎಲ್ಲ ಅನುಕೂಲವಿದ್ದ ದಿನ! ಎಂದೂ ಬಿಡದ ಕೇರಿಯವರು ಕೂಡ ಇವತ್ತು ಅವನ ತಂಟೆಗೆ ಬಂದಿರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿದ್ದ ಮುದುಕಿ ಕೆರಿಯಮ್ಮ ಅವನನ್ನು ಕಂಡದ್ದೇ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದ್ದಳು. ಟೀ ಅಂಗಡಿಯ ಹೂವಪ್ಪ ಕೈ ಎತ್ತಿ ಇಳಿಸಿದ್ದ, ಅಷ್ಟೆ. ರಸ್ತೆಯೆಲ್ಲ ತನ್ನದೇ ಎಂದು ಹಿಗ್ಗಿ ಓಡಿದವನ ಪಾಡು ಹೀಗಾಗಿತ್ತು.

ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಕೂತಲ್ಲೇ ಹೊಟ್ಟೆ ಬೆಳೆಸಿದ್ದ ಉಮೇಶ ಓಟಕ್ಕೆ ಇಳಿದದ್ದು ಆರೋಗ್ಯದ ಆಸೆಗಲ್ಲ, ಮಗಳು ಬಿಂದುವಿಗಾಗಿ. ಪಿಯುಸಿಗೆ ಸೇರಿದ ಮೇಲೆ ಅವಳು ಅಪ್ಪನ ಜೊತೆ ಮಾತನ್ನೇ ಬಿಟ್ಟಿದ್ದಳು. ಊಟ ಆಯ್ತಾ ಅಂದರೆ ‘ಹೂಂ’, ಕಾಲೇಜು ಹೇಗಿತ್ತು ಅಂದರೂ ‘ಹೂಂ’. ಅಂಥವಳು ಒಂದು ದಿನ ತಾನಾಗಿ ಬಂದು, “ಅಪ್ಪಾ, ಊರಿನ ಓಟದಲ್ಲಿ ನನ್ನ ಜೊತೆ ಓಡ್ತೀಯಾ?” ಎಂದು ಕೇಳಿದ್ದಳು. ಅಷ್ಟು ಉದ್ದದ ವಾಕ್ಯ ಮಗಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ! ಉಮೇಶನ ಕಣ್ಣು ತುಂಬಿತ್ತು. ಓಟ ನಾಳೆಯೇ, ಇದೇ ಇಕ್ಕೇರಿ ದಾರಿಯಲ್ಲಿ. “ನಮ್ಮಪ್ಪ ಎಲ್ಲೂ ಸುಸ್ತಾಗಿ ನಿಲ್ಲಲ್ಲ ಗೊತ್ತಾ?” ಎಂದು ಅವಳು ಫೋನಿನಲ್ಲಿ ಗೆಳತಿಗೆ ಹೇಳಿದ್ದನ್ನು ಅವನು ಕಿವಿಯಾರೆ ಕೇಳಿದ್ದ.

ಕಾಲೆಳೆದುಕೊಂಡು ಊರಿಗೆ ಮರಳಿದವನನ್ನು ಮೊದಲು ಹಿಡಿದದ್ದು ಹೂವಪ್ಪ.

“ಎಂತ ಉಮೇಶಣ್ಣ, ಮುಖ ಹಿಂಗ್ಯಾಕೆ?”

“ಮೊನ್ನೆ ಹಾರ್ಕೊಂಡು ಹೋದೆ ಮಾರಾಯ. ಇವತ್ತು ಹೆಜ್ಜೆ ಎತ್ತಕ್ಕಾಗಲ್ಲ.”

“ರಾತ್ರಿ ಊಟಕ್ಕೆ ಎಂತ ಇತ್ತು?”

“ಹಲಸಿನ ಹಣ್ಣಿನ ಕಡುಬು.”

“ಮತ್ತೆ! ಅದು ಹೊಟ್ಟೇಲಿ ಕೂತು ನಿಮ್ಮನ್ನ ಹಿಂದಕ್ಕೆ ಎಳೀತದೆ,” ಎಂದ ಹೂವಪ್ಪ, ದೊಡ್ಡ ಲೋಟದ ತುಂಬ ಶುಂಠಿ ಕಷಾಯ ಕುಡಿಸಿದ.

ಸ್ಟುಡಿಯೋ ಪಕ್ಕದ ಝೆರಾಕ್ಸ್ ಅಂಗಡಿಯ ರಾಜೇಂದ್ರ ಮಾತ್ರ ಕಷಾಯವನ್ನು ಒಪ್ಪಲಿಲ್ಲ. “ಉಷ್ಣ ಆಗಿದೆ ನಿಮಗೆ. ಮೊದ್ಲು ಎರಡು ಎಳನೀರು ಕುಡೀರಿ,” ಎಂದು ಕುಡಿಸಿ, ಆಮೇಲೆ ದನಿ ತಗ್ಗಿಸಿದ. “ಹೆದರಿಸ್ತೀನಿ ಅಂದ್ಕೋಬೇಡಿ. ಹೊಸನಗರದಲ್ಲಿ ನಮ್ಮ ಭಾವನಿಗೂ ಹಿಂಗೇ ಆಗಿತ್ತು. ಒಂದಿನ ಆರಾಮು, ಒಂದಿನ ಏದುಸಿರು. ಕಡೆಗೆ ನೋಡಿದ್ರೆ ಹಾರ್ಟು!”

ಉಮೇಶನ ಎದೆ ಆ ಕ್ಷಣದಿಂದಲೇ ಬೇರೆ ತಾಳ ಹಿಡಿಯಿತು. ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋಗೆ ಬಂದ ಹೆಂಗಸಿನ ಹಣೆಯಿಂದ ಮೇಲಿನದ್ದೆಲ್ಲ ಕತ್ತರಿಸಿಹೋಯಿತು. ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೋಗೆಂದು ಗಂಭೀರವಾಗಿ ಕೂತ ಹುಡುಗನಿಗೆ ‘ಸ್ವಲ್ಪ ನಗಿ’ ಎನ್ನುವ ಬದಲು ‘ಸ್ವಲ್ಪ ಉಸಿರು ಬಿಡಿ’ ಎಂದುಬಿಟ್ಟ. ಹೊಟ್ಟೆಯೊಳಗೆ ಕಷಾಯ ಮತ್ತು ಎಳನೀರು ಒಂದನ್ನೊಂದು ಒಪ್ಪದೆ ಜಗಳಕ್ಕೆ ನಿಂತಿದ್ದವು. ಅವನಿಗೆ ಸಾಯುವ ಭಯಕ್ಕಿಂತ, ನಾಳೆ ಬಿಂದುವಿನ ಎದುರು ಮೋರಿಕಟ್ಟೆ ಹುಡುಕಬೇಕಾಗುತ್ತದಲ್ಲ ಎಂಬ ನಾಚಿಕೆಯೇ ದೊಡ್ಡದಾಗಿತ್ತು.

ಮಧ್ಯಾಹ್ನ ನಿವೃತ್ತ ವ್ಯಾಯಾಮ ಶಿಕ್ಷಕ ವಾಸಪ್ಪ ಮೇಷ್ಟ್ರು ಪಾಸ್‌ಪೋರ್ಟ್ ಫೋಟೋಗೆ ಬಂದಾಗ ಉಮೇಶ ಅವರ ಕೈಯನ್ನೇ ಹಿಡಿದುಕೊಂಡ. ಮೇಷ್ಟ್ರು ಎಲ್ಲ ಕೇಳಿ ನಿಧಾನವಾಗಿ ಹೇಳಿದರು.

“ನೋಡಪ್ಪಾ, ಮೈ ಅನ್ನೋದು ದಿನಾ ಒಂದೇ ಥರ ಇರಲ್ಲ. ನಿದ್ದೆ, ನೀರು, ಊಟ, ಸೆಕೆ, ಮನಸ್ಸಿನ ಚಿಂತೆ, ಎಲ್ಲಾ ಕಾಲಿಗೇ ಇಳೀತದೆ. ಹೊಸಬರಿಗೆ ಇನ್ನೂ ಜಾಸ್ತಿ. ಅದಕ್ಕೆ ಹೆದರಬಾರ್ದು. ಆದ್ರೆ ಮೊನ್ನೆ ಅಷ್ಟು ಹಗುರ ಆಗಿದ್ದು ಹೆಂಗೆ? ಮನೆ ಬಿಟ್ಟಲ್ಲಿಂದ ಹೇಳು.”

“ಅದೇ ಗೊತ್ತಾಗಲ್ಲ ಸಾರ್! ಮನೆ ಬಿಡ್ತಿದ್ದಂಗೇ ಕೆರಿಯಮ್ಮ ನಿಲ್ಸಿ ಸೊಸೆ ಸುದ್ದಿ ಹೇಳಿದ್ಲು. ಮುಂದೆ ಹೂವಪ್ಪ, ಗ್ಯಾಸ್ ಸಿಲಿಂಡರ್ ಬರಲಿಲ್ಲ ಅಂತ. ಗದ್ದೆ ಹತ್ರ ಇನ್ನೊಬ್ರು, ಎಲ್ಲಿಗೆ ಓಡ್ತಿದೀರಿ, ಯಾರಿಗೆ ಏನಾತು ಅಂತ. ಆಮೇಲೆ ಬಸ್ಸಿನೋರು ನಿಲ್ಸಿ, ಹತ್ತಿ ಹತ್ತಿ ಅಂದ್ರು. ಒಬ್ರಾದ್ರೂ ನೆಟ್ಟಗೆ ಓಡಕ್ಕೆ ಬಿಟ್ರಾ?”

ವಾಸಪ್ಪ ಮೇಷ್ಟ್ರು ಕುರ್ಚಿ ಅಲುಗಾಡುವಂತೆ ನಕ್ಕರು.

“ಅಯ್ಯೋ ಮಾರಾಯ! ಹೊಸಬರು ಸ್ವಲ್ಪ ಓಡಿ, ಸ್ವಲ್ಪ ನಿಂತು, ಉಸಿರು ಸುಧಾರಿಸ್ಕೊಂಡು ಮತ್ತೆ ಓಡ್ಬೇಕು ಅಂತ ನಾನು ಮಕ್ಕಳಿಗೆ ಬಾಯಿ ಬಡ್ಕೊಳ್ತಿದ್ದೆ. ನಿನಗೆ ಅದನ್ನ ಊರೋರೇ ಮಾಡಿಸಿದಾರೆ! ಇವತ್ತು ಯಾರೂ ನಿಲ್ಲಿಸಲಿಲ್ವಾ?”

ಉಮೇಶನಿಗೆ ಆಗ ಹೊಳೆಯಿತು. ಇಷ್ಟು ದಿನ ಅಡ್ಡಿ ಎಂದು ಬೈದುಕೊಂಡದ್ದೇ ಅವನಿಗೆ ಉಸಿರು ಕೊಟ್ಟಿತ್ತು. ಸೊಸೆಯ ಸುದ್ದಿಯಿಂದ ಸಿಲಿಂಡರಿನವರೆಗೆ, ಸಿಲಿಂಡರಿನಿಂದ ಗದ್ದೆಯವರೆಗೆ ಅವನು ಓಡಿದ್ದ. ತನ್ನದೆಂದು ಬೀಗಿದ್ದ ಓಟದಲ್ಲಿ ಅರ್ಧ ಕೇರಿಯವರದು ಎಂದು ತಿಳಿದಾಗ ಮೊದಲು ಪಿಚ್ಚೆನಿಸಿತು, ಆಮೇಲೆ ಯಾಕೋ ಹಿತವೆನಿಸಿತು.

“ಹಂಗಾದ್ರೆ ನಾಳೆ ನೀನೇ ಅಲ್ಲಲ್ಲಿ ನಡಿ,” ಎಂದರು ಮೇಷ್ಟ್ರು.

ಅದು ಹೇಗೆ ಸಾಧ್ಯ? ಸುಸ್ತಾಗಿ ನಿಂತರೆ ಮಗಳ ಮಾತು ಸುಳ್ಳಾಗುತ್ತದೆ. ಯಾರೋ ಮಾತಾಡಿಸಿದರೆಂದು ನಿಂತರೆ ಅದು ಸೋಲಲ್ಲ, ಮರ್ಯಾದೆ. ಮಾತಾಡಿಸಿದವರನ್ನು ದಾಟಿ ಓಡಿದನೆಂದು ಸಾಗರದಲ್ಲಿ ಹೆಸರು ಕೆಡಿಸಿಕೊಳ್ಳುವುದುಂಟೇ!

ಸಂಜೆ ಮನೆಗೆ ಬಂದವನೇ ಹೆಂಡತಿ ಶಿಲ್ಪಶ್ರೀಯನ್ನು ಕೇಳಿದ. “ಕೇರಿಯೋರಿಗೆಲ್ಲ ಏನಾಗಿದೆ ಇವತ್ತು? ಒಬ್ರೂ ಮಾತಾಡ್ಸಲಿಲ್ಲ.”

“ನೀವೇ ಗುರುವಾರ ಕೂಗಾಡಿದ್ರಲ್ರೀ, ಓಡೋರನ್ನ ಮಾತಾಡಿಸಬಾರ್ದು ಅಂತ ಈ ಊರಿಗೆ ಯಾರು ಹೇಳ್ಬೇಕು ಅಂತ? ನಾನೇ ಹೇಳಿ ಬಂದೆ. ಮನೆಮನೆಗೂ,” ಎಂದಳು ಅವಳು ಹೆಮ್ಮೆಯಿಂದ.

ಉಮೇಶ ಚಪ್ಪಲಿಯನ್ನೂ ಕಳಚದೆ ಕೆರಿಯಮ್ಮನ ಜಗಲಿಗೆ ಓಡಿದ.

“ಕೆರಿಯಮ್ಮಾ, ನಾಳೆ ಒಂದು ಉಪಕಾರ ಆಗ್ಬೇಕು. ನಾನು ಬಂದಾಗ ನಿಲ್ಸಿ ಮಾತಾಡ್ಸಬೇಕು. ಸೊಸೆ ಸುದ್ದಿ ಆದ್ರೂ ಅಡ್ಡಿಲ್ಲ, ಮೊದಲಿಂದ ಹೇಳಿ.”

“ಅಯ್ಯೋ ತಮಾ, ನಾಳೆ ನಾನೆಲ್ಲಿ ಜಗಲೀಲಿರ್ತೀನಿ?” ಕೆರಿಯಮ್ಮ ಒಳಗಿನಿಂದ ಮೊಮ್ಮಗನ ಬಿಳಿ ಬೂಟು ತಂದು ತೋರಿಸಿದಳು. “ನಿನ್ನ ನೋಡಿ ನಾನೂ ಹೆಸರು ಕೊಟ್ಟೆ. ಹೂವಪ್ಪ, ರಾಜೇಂದ್ರ, ಇಡೀ ಕೇರಿನೇ ಓಡ್ತದೆ. ದಾರೀಲಿ ನೀನು ಮಾತ್ರ ನಮ್ಮನ್ನ ಮಾತಾಡ್ಸಿ ನಿಲ್ಲಿಸ್ಬೇಡ ಕಣಾ. ಓಡೋರನ್ನ ಮಾತಾಡ್ಸಬಾರ್ದಂತೆ!”

ಸೋತು ಮನೆಗೆ ಮರಳಿದ ಉಮೇಶನಿಗೆ ಇನ್ನೊಂದೇ ಆಸೆ ಉಳಿದಿತ್ತು. ಪಕ್ಕದಲ್ಲಿ ಮಗಳಿರುತ್ತಾಳೆ. ಅವಳು ಮಾತಾಡಿದರೆ ಸಾಕು, ವೇಗ ತಾನಾಗಿ ತಗ್ಗುತ್ತದೆ. ಅಷ್ಟಕ್ಕೂ ಅವನಿಗೆ ಬೇಕಾಗಿದ್ದದ್ದು ಅವಳ ಮಾತೇ ಅಲ್ಲವೇ?

ಬಿಂದು ಬಾಗಿಲಲ್ಲೇ ಕಾಯುತ್ತಿದ್ದಳು. ಎಷ್ಟೋ ದಿನಕ್ಕೆ ಅವಳ ಮುಖದಲ್ಲಿ ನಗುವಿತ್ತು.

“ಅಪ್ಪಾ, ನಿನ್ನ ಜೊತೆ ಎಷ್ಟೊಂದು ಹೇಳೋದಿತ್ತು. ಕಾಲೇಜಿಂದು, ಗೆಳತಿಯರದ್ದು, ಎಲ್ಲಾ. ನಾಳೆ ಓಡ್ತಾ ಓಡ್ತಾ ಹೇಳೋಣ ಅಂತಾನೇ ನಿನ್ನ ಕರೆದಿದ್ದು.”

“ಹೇಳು ಪುಟ್ಟಾ, ಹೇಳು!” ಉಮೇಶ ಹೊಸ್ತಿಲಲ್ಲೇ ಕೂತ.

“ಅಮ್ಮ ಹೇಳಿದ್ಲು, ಮಾತಾಡ್ಸಿದ್ರೆ ನಿನಗೆ ಓಡೋಕೆ ಕಷ್ಟ ಅಂತ. ನೀನು ಹೆದರ್ಬೇಡ.” ಅವಳು ಹೊಸ ಇಯರ್‌ಫೋನ್ ತೋರಿಸಿದಳು. “ಇಕ್ಕೇರಿ ಮುಟ್ಟೋ ತನಕ ನಾನು ಒಂದು ಮಾತೂ ಆಡಲ್ಲ. ಆಯ್ತಾ?”

ಬೇಡವೆನ್ನಲು ಉಮೇಶ ಬಾಯಿ ತೆರೆದ. ಅವಳು ಆಗಲೇ ಅದನ್ನು ಕಿವಿಗೆ ಸಿಕ್ಕಿಸಿ ನೋಡುತ್ತಿದ್ದಳು.

“ಹೂಂ,” ಎಂದ.