ಸಿನಿಮಾದ ತಾಯಂದಿರೂ ನನ್ನ ಕಣ್ಣೀರೂ

ಸಿನಿಮಾದಲ್ಲಿ ತಾಯಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡರೆ ಸಾಕು, ನನ್ನ ಮಾನ ಹೋಯಿತೆಂದೇ ಲೆಕ್ಕ. ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ನನ್ನ ಕೆಮ್ಮು ಕೇಳಿದರೂ ಮಕ್ಕಳು ಗಪ್‌ಚುಪ್. ಅಂಥವನ ಗತಿ ಇದು.

೧. ಹಿಂದಿನ ಸೀಟಿನವರು

ಮದುವೆಯಾದ ಹೊಸತು. ತುಮಕೂರಿನ ಥಿಯೇಟರಿನಲ್ಲಿ ಹಳೇ ಸಿನಿಮಾ ಮತ್ತೆ ಹಾಕಿದ್ದರು. ತಾಯಿ ಇದ್ದ ಅನ್ನವನ್ನೆಲ್ಲ ಮಗನಿಗೆ ಬಡಿಸಿ, "ನಂದು ಆಗ್ಲೇ ಆಯ್ತು ಕಂದ" ಎಂದು ಒಳಗೆ ಹೋಗಿ ನೀರು ಕುಡಿದಳು. ನಾನು ಗೊಳೋ ಎಂದುಬಿಟ್ಟೆ. ಹಿಂದೆ ಕೂತಿದ್ದ ಹೆಂಗಸು ನನ್ನ ಹೆಂಡತಿಯ ಭುಜ ಮುಟ್ಟಿ ಕೇಳಿದರು:

"ಪಾಪ, ಇವರ ತಾಯಿ ಹೋಗಿ ಎಷ್ಟು ದಿನ ಆಯ್ತಮ್ಮ?"

"ಗಟ್ಟಿಮುಟ್ಟಾಗಿದಾರೆ. ಈಗ ಇಂಟರ್‌ವಲ್‌ನಲ್ಲಿ ಫೋನ್ ಮಾಡಿ ನನ್ನ ಬೈದ್ರು."

೨. ಬಸ್ಸಿನಲ್ಲಿ ಸೀಟು

ಆಮೇಲೆ ಥಿಯೇಟರ್ ಬಿಟ್ಟೆ, ಮೊಬೈಲ್ ಹಿಡಿದೆ. ಗುಬ್ಬಿಯಿಂದ ತುಮಕೂರಿನ ಮನೆಗೆ ವಾಪಸ್ ಬರುವ ಬಸ್ಸು, ಕಾಲಿಡಲು ಜಾಗವಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತೇ ನೋಡುತ್ತಿದ್ದೆ. ಮಗನ ಮೇಲಿದ್ದ ಕೊಲೆ ಆಪಾದನೆಯನ್ನು ತಾಯಿ ತನ್ನ ಮೇಲೆ ಹಾಕಿಕೊಂಡಳು. ನನ್ನ ಕಣ್ಣು ಧಾರಾಕಾರ. ಕಂಡಕ್ಟರ್ ಒಬ್ಬರನ್ನು ಎಬ್ಬಿಸಿ, "ಸಾವಿನ ಮನೆಗೆ ಹೊಂಟವ್ರೆ, ಜಾಗ ಬುಡಿ" ಎಂದು ನನ್ನನ್ನು ಕೂರಿಸಿದ. ನಿಜ ಹೇಳಲು ನಾಚಿಕೆ, ಕೂತೆ. ಕೂರುವಾಗ ವೈರು ಕಿತ್ತುಬಂತು. "ಮಗನೇ!" ಎಂದು ಆ ತಾಯಿ ಇಡೀ ಬಸ್ಸಿಗೆ ಕೇಳುವಂತೆ ಕಿರುಚಿದಳು.

ಕಂಡಕ್ಟರ್ ಬಗ್ಗಿ ಮೊಬೈಲ್ ನೋಡಿದ. "ಎದ್ದೇಳಿ ಸಾರ್. ಇದನ್ನ ನಾಕು ಸಲ ನೋಡಿದೀನಿ. ಆಯಮ್ಮ ಸಾಯಲ್ಲ."

೩. ಕುಣಿಗಲ್‌ನ ಭಾನುವಾರ

ಇದನ್ನು ಹೇಳಲು ಈಗಲೂ ತಲೆ ತಗ್ಗುತ್ತದೆ. ಅಮ್ಮನನ್ನು ಕರೆದುಕೊಂಡು ಕುಣಿಗಲ್‌ನ ಅಕ್ಕನ ಮನೆಗೆ ಹೋಗಿದ್ದೆ. ನಡುಮನೆ ತುಂಬ ಭಾವನ ಕಡೆಯವರು. ಟಿವಿಯಲ್ಲಿ ಕುರುಡಿ ತಾಯಿ ಮಗನನ್ನು ಹುಡುಕುತ್ತ ಅಲೆಯುತ್ತಿದ್ದಳು. ನಾನು ಬಿಕ್ಕತೊಡಗಿದೆ.

"ಯಾಕ್ಲಾ ಅಳ್ತೀಯ?" ಅಂದರು ಅಮ್ಮ.

"ಆಯಮ್ಮಂಗೆ ಕಣ್ಣು ಕಾಣಲ್ಲಮ್ಮ. ಮಗ ತಿರುಗಿ ನೋಡ್ತಿಲ್ಲ."

"ಆ ನನ್ಮಗ ಮೂರು ಗಂಟೇಲಿ ಬುದ್ಧಿ ಕಲೀತಾನೆ ಬುಡು. ನನ್ ಕಣ್ಣಿನ ಪೊರೆ ತೆಗೆಸು ಅಂತ ನಿಂಗೆ ಹೇಳಿ ಮೂರು ತಿಂಗಳಾಯ್ತು."

ನಡುಮನೆಯಲ್ಲಿದ್ದವರೆಲ್ಲ ಟಿವಿ ಬಿಟ್ಟು ನನ್ನನ್ನೇ ನೋಡಿದರು.

ಮಾರನೇ ದಿನವೇ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಆಗಿ ಪಟ್ಟಿ ಬಿಚ್ಚುವಾಗ, ಇಷ್ಟು ದಿನ ಕಾಯಿಸಿದೆನಲ್ಲ ಎಂದು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಿದ್ದೆ.

"ಅಜ್ಜಿ, ಈಗೇನು ಕಾಣ್ತಿದೆ?" ಅಂದರು ಡಾಕ್ಟರು.

"ನನ್ ಮಗ ಕಾಣ್ತಾವ್ನೆ. ಅಳ್ತಾವ್ನೆ," ಎಂದ ಅಮ್ಮ ಸುತ್ತ ಗೋಡೆಗಳನ್ನೆಲ್ಲ ನೋಡಿದರು. "ಟಿವಿ ಎಲ್ಲಿ ಇಕ್ಕಿದೀರಾ ಸ್ವಾಮಿ?"