‘ಓದಲೇಬೇಕು’ ಶೆಲ್ಫಿನ ಗಿರಾಕಿಗಳು

ಉಪದೇಶ ಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ. ಅದನ್ನು ಬಾಡಿಗೆಗೆ ಕೊಡಲು ಕೂತವಳು ನಾನು. ಅಂದಮೇಲೆ ದಿನಕ್ಕೊಂದು ಫಜೀತಿ ಆಗದೆ ಇರುತ್ತದೆಯೇ?

ಎಪ್ಪತ್ತರ ದಶಕದ ಮಾತು. ಮುಂಬಯಿಯ ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಸಾಹೇಬರ ಪತ್ರ ಕುಟ್ಟಿ ಕುಟ್ಟಿ ಸಾಕಾಗಿ ರಾಜೀನಾಮೆ ಬಿಸಾಕಿ, ವಡಾಲದ ನಮ್ಮ ನೆಲಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆ ಪುಸ್ತಕದ ಲೈಬ್ರರಿ ತೆರೆದೆ.

“ತಿಂಗಳೊಳಗೆ ವಾಪಸ್ ಬರ್ತೀರಿ” ಎಂದರು ಸಾಹೇಬರು.

“ಬಂದರೆ ನಿಮಗೊಂದು ಪುಸ್ತಕ ಕೊಡೋಕೆ ಬರ್ತೀನಿ” ಅಂದೆ.

ಇನ್ನು ನಮ್ಮ ಯಜಮಾನರು. “ಕಾದಂಬರಿ ಇಟ್ಟಿದ್ದೀಯ, ಸಿನಿಮಾ ಪತ್ರಿಕೆ ಇಡು. ಈ ವ್ಯಾಪಾರದ ಪುಸ್ತಕ ಯಾರೇ ಓದ್ತಾರೆ?” ಎಂದರು. ಅವರು ಹಾಗಂದದ್ದಕ್ಕೇ ಫುಟ್‌ಪಾತಿನಿಂದ ಅಂಥದೇ ಇಂಗ್ಲಿಷ್ ಪುಸ್ತಕಗಳ ಇನ್ನೊಂದು ಕಟ್ಟು ತಂದು ಜೋಡಿಸಿ, ‘ಸ್ವಂತ ವ್ಯಾಪಾರ ಮಾಡುವವರು ಓದಲೇಬೇಕು’ ಅಂತ ಶೆಲ್ಫಿಗೆ ರಟ್ಟಿನ ಬೋರ್ಡು ತೂಗುಹಾಕಿದೆ. ಇಂಗ್ಲಿಷ್ ಬಾರದವರಿಗೆ ಸಾರಾಂಶವನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ತಲೆನೋವು ಶುರುವಾದದ್ದೇ ಅಲ್ಲಿಂದ.

ಸಾಂಬಾರಿನ ಅಭಿಪ್ರಾಯ

ಬೈಕುಲ್ಲಾದಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯವರೊಬ್ಬರು ನಮ್ಮ ಬಿಲ್ಡಿಂಗಿನಲ್ಲೇ ಇದ್ದರು. ಅವರಿಗೊಂದು ಪುಸ್ತಕ ಕೊಟ್ಟು ಸಾರಾಂಶ ಹೇಳಿದೆ: ಗಿರಾಕಿಯ ಮನಸ್ಸು ತಿಳಿಯಬೇಕಾದರೆ ಗಿರಾಕಿಯನ್ನೇ ಕೇಳಬೇಕು.

ಮರುದಿನದಿಂದಲೇ ಅವರು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ “ಸಾಂಬಾರು ಹೇಗುಂಟು?” ಎಂದು ಕೇಳತೊಡಗಿದರು. ಅಲ್ಲಿಯವರೆಗೆ ತೆಪ್ಪಗೆ ಉಂಡು ಹೋಗುತ್ತಿದ್ದವರಿಗೆಲ್ಲ ನಾಲಿಗೆ ಬಂತು. ಒಬ್ಬ ಹುಳಿ ಜಾಸ್ತಿ ಅಂದ, ಪಕ್ಕದವ ಹುಳಿಯೇ ಇಲ್ಲ ಅಂದ. ಮತ್ತೊಬ್ಬ ಬಟ್ಟಲು ನೆಕ್ಕಿ ಖಾಲಿ ಮಾಡಿ, “ಕೇಳಿದಿರಿ ಅಂತ ಹೇಳ್ತೇನೆ, ಇಡ್ಲಿಯೂ ಸಣ್ಣದಾಗಿದೆ” ಅಂದ. ಕಡೆಗೆ ಅಡಿಗೆಭಟ್ಟ ಸೌಟು ಇಟ್ಟು ಊರಿಗೆ ಹೊರಟು ನಿಂತ.

ಹೋಟೆಲಿನವರು ಪುಸ್ತಕ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. “ಎಂತ ಪುಸ್ತಕ ಅಕ್ಕಾ ಇದು! ಇಷ್ಟು ವರ್ಷ ನಾನು ಕೇಳ್ಲಿಲ್ಲ, ಸಾಂಬಾರು ಒಳ್ಳೆದಿತ್ತು. ಕೇಳಿದ್ದೇ ಕೇಳಿದ್ದು, ಕೆಟ್ಟುಹೋಯ್ತು!”

“ಅದಿರಲಿ, ಪುಸ್ತಕ ಹೇಗಿತ್ತು?” ಅಂದೆ.

“ನೋಡಿ, ಈಗ ನೀವೂ ಕೇಳ್ಲಿಕ್ಕೆ ಶುರು ಮಾಡಿದ್ರಿ!”

ಭದ್ರವಾದ ಕಿಸೆ

ಮೂಲೆಯಂಗಡಿಯ ಟೇಲರ್ ಬಾಗಲಕೋಟೆ ಕಡೆಯವನು. ‘ಜನರ ತೊಂದರೆಯಲ್ಲೇ ಹೊಸ ವ್ಯಾಪಾರ ಅಡಗಿದೆ’ ಎಂಬ ಪಾಠ ಅವನಿಗೆ ಬಹಳ ಹಿಡಿಸಿತು. ಲೋಕಲ್ ರೈಲಿನಲ್ಲಿ ಓಡಾಡುವವರ ತೊಂದರೆ ಏನು? ಕಿಸೆಗಳ್ಳರು. ಸರಿ, ಪ್ಯಾಂಟಿನ ಒಳಗಡೆ, ತೊಡೆಯ ಹತ್ತಿರ, ಯಾರ ಕೈಗೂ ಎಟುಕದ ಹಾಗೆ ಒಂದು ಕಿಸೆ ಹೊಲಿದ. ಮೊದಲ ಗಿರಾಕಿ ನಮ್ಮ ಯಜಮಾನರೇ.

ಹೊಸ ಟೆರಿಲಿನ್ ಪ್ಯಾಂಟು ತೊಟ್ಟು, ರೈಲ್ವೆ ಪಾಸನ್ನು ಆ ಕಿಸೆಯಲ್ಲಿಟ್ಟುಕೊಂಡು ಹೊರಟರು. ಸ್ಟೇಷನ್ನಿನಲ್ಲಿ ಟೀಸಿ “ಪಾಸ್ ದಿಖಾವೋ” ಅಂದ. ಇವರು ಕೈ ಹಾಕಿದರು, ಎಟುಕಲಿಲ್ಲ. ಬಗ್ಗಿದರು, ಎಟುಕಲಿಲ್ಲ. ಬೇರೆ ದಾರಿ ಕಾಣದೆ ಬೆಲ್ಟಿಗೆ ಕೈ ಹಾಕಿದ್ದೇ ತಡ, ಟೀಸಿ ಎರಡು ಹೆಜ್ಜೆ ಹಿಂದೆ ಹಾರಿ, “ಅರೇ ಭಾಯಿಸಾಬ್, ರೆಹನೇ ದೋ! ಜಾವೋ, ಜಾವೋ!” ಎಂದು ಕೈಮುಗಿದನಂತೆ.

ಸಂಜೆ ಇವರು ಉರಿಯುತ್ತ ಟೇಲರನ ಅಂಗಡಿಗೆ ನುಗ್ಗಿದರು. ಅವನು ಹೊಲಿಗೆ ನಿಲ್ಲಿಸಲಿಲ್ಲ.

“ಸಾಹೇಬ್ರ, ಕಿಸೆಗಳ್ಳಗ ಸಿಕ್ತೇನ್ರಿ?”

“ಇಲ್ಲ.”

“ಟೀಸಿಗೆ?”

“ಇಲ್ಲ!”

“ನಿಮಗ?”

“ನನಗೂ ಸಿಗಲಿಲ್ಲ ಕಣಯ್ಯಾ!”

“ಮತ್ತ, ಇದಕ್ಕಿಂತ ಭದ್ರ ಕಿಸೆ ಇಡೀ ಮುಂಬಯಿಯೊಳಗ ಎಲ್ಲೈತಿ ತೋರಸ್ರಿ!”

ಸೆಕ್ರೆಟರಿಯವರ ತಂತ್ರ

ನಮ್ಮ ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಿವೃತ್ತ ಆಫೀಸರ್, ಮರಾಠಿಯವರು. ಮನೆಯಲ್ಲಿ ವ್ಯಾಪಾರ ಕೂಡದು, ತಿಂಗಳ ಕೊನೆಗೆ ಲೈಬ್ರರಿ ಮುಚ್ಚಬೇಕು ಎಂದು ನೋಟೀಸು ಹಚ್ಚಿದರು.

“ಮುಚ್ಚೋದಿಲ್ಲ” ಅಂದೆ. “ಮೂರನೇ ಮಹಡಿಯಲ್ಲಿ ಹಪ್ಪಳ ಮಾರ್ತಾರೆ, ನಾಲ್ಕನೇದರಲ್ಲಿ ಟ್ಯೂಷನ್ ನಡೆಯುತ್ತೆ. ಅವನ್ನು ಮುಚ್ಚಿಸಿ ಆಮೇಲೆ ಕೆಳಗೆ ಬನ್ನಿ.”

ಕೆಳಗೆ ಬಂದರು, ಆದರೆ ನನ್ನ ಶೆಲ್ಫಿನಿಂದಲೇ ವ್ಯಾಪಾರತಂತ್ರದ ಪುಸ್ತಕವೊಂದನ್ನು ಒಯ್ಯಲು! ಎದುರಾಳಿಯ ಗಿರಾಕಿಗಳನ್ನು ಸೆಳೆದರೆ ಎದುರಾಳಿ ತಾನೇ ಬಾಗಿಲು ಹಾಕುತ್ತಾನೆ ಎಂದು ಅದರಲ್ಲಿತ್ತು. ಕೂಡಲೇ ಸೊಸೈಟಿ ಆಫೀಸಿನಲ್ಲಿ ಪುಕ್ಕಟೆ ವಾಚನಾಲಯ ತೆರೆಯುವುದೆಂದು ಸಾರಿದರು. ವಾಚ್‌ಮನ್ ಗೋಣಿಚೀಲ ಹಿಡಿದು ಮನೆಮನೆಗೆ ಹೋಗಿ ದಾನದ ಪುಸ್ತಕ ಎತ್ತಿ ತಂದ.

ಭಾನುವಾರ ಉದ್ಘಾಟನೆ. ನನ್ನನ್ನೂ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು, ನನ್ನ ಮುಖ ಎಲ್ಲರಿಗೂ ಕಾಣಲಿ ಅಂತ. ತೆಂಗಿನಕಾಯಿ ಒಡೆದಾಯಿತು. “ಇನ್ನು ಈ ಬಿಲ್ಡಿಂಗಿನಲ್ಲಿ ಯಾರೂ ಪುಸ್ತಕಕ್ಕೆ ಬಾಡಿಗೆ ಕೊಡಬೇಕಾಗಿಲ್ಲ!” ಎಂದು ಗುಡುಗಿ, ಮೊದಲ ಪುಸ್ತಕ ಎತ್ತಿ ಬಿಡಿಸಿದರು. ಒಳಗೆ ನನ್ನ ಲೈಬ್ರರಿಯ ನೇರಳೆ ಮುದ್ರೆ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ. ನಾನು ಮೆಟ್ಟಿಲು ಹತ್ತಿ ಹತ್ತಿ ಕೇಳಿದಾಗ ‘ಕಳೆದುಹೋಯಿತು’ ಎನ್ನಿಸಿಕೊಂಡಿದ್ದ ಪುಸ್ತಕಗಳೆಲ್ಲ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ನೆರೆಹೊರೆಯವರೆಲ್ಲ ಫ್ಯಾನು ನೋಡುತ್ತಿದ್ದರು.

ನಾನು ಎದ್ದು ನಿಂತು, “ಇಷ್ಟನ್ನೂ ವಸೂಲು ಮಾಡಿಕೊಟ್ಟ ಸೊಸೈಟಿಗೆ ವಂದನೆಗಳು. ವಾಚ್‌ಮನ್, ಎಲ್ಲಾ ನನ್ನ ಕೋಣೆಗೆ ಸಾಗಿಸು” ಅಂದೆ.

ನೋಟೀಸು ಮರುದಿನ ಬೋರ್ಡಿನ ಮೇಲಿರಲಿಲ್ಲ. ನನ್ನ ಕೆಚ್ಚಿನಿಂದಲೇ ಅದು ಹೋಯಿತೆಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ನಿಜವಾದ ಕಾರಣ ಸಭೆಯ ಹಿಂದಿನ ಸಾಲಿನಲ್ಲಿ ಕೂತಿತ್ತು. ಅಂದು ನನ್ನ ಮಾತಿಗೆ ಕೆಂಪಗಾದ ಸೆಕ್ರೆಟರಿಯವರು ಕೈಗೆ ಸಿಕ್ಕ ಒಂದು ಪ್ರೇಮ ಕಾದಂಬರಿಯನ್ನು ಮೇಲೆತ್ತಿ, “ಇಂಥ ಹೊಲಸನ್ನು ಓದುವ ಮನೆ ಯಾವುದು? ನನಗೀಗಲೇ ಗೊತ್ತಾಗಬೇಕು!” ಎಂದು ಅರಚಿದರು.

ಹಿಂದಿನ ಸಾಲಿನಿಂದ ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದರು. “ಅಹೋ, ಕಿರುಚಬೇಡಿ. ನಮ್ಮ ಮನೆಯೇ.” ಆಮೇಲೆ ನನ್ನ ಕಡೆ ತಿರುಗಿದರು. “ಲೈಬ್ರರಿ ಬಾಯಿ, ಇದರ ಎರಡನೇ ಭಾಗ ಬಂತಾ?”